ಮೂಲಿಕೆಯ ಎಲೆಕ್ಟ್ರಾನಿಕ್ ಪೈಪ್: ಬಿಸಿ ಆಮೇಲೆ, ಮೊದಲು ಬಿಚ್ಚಲು ಬರುತ್ತಾ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಪೈಪ್ ಚೆನ್ನಾಗಿದೆ. ಬೇಗ ಬಿಸಿಯಾಗುತ್ತದೆ, ಕೈಯಲ್ಲಿ ಹಿಡಿಯಲು ಹಿತವಾಗಿದೆ, ಒಳಗೆ ಹಾಕಿದ್ದು ಪುದೀನವೋ ಲ್ಯಾವೆಂಡರೋ ಅಂತ ಕಣ್ಣು ಮುಚ್ಚಿ ಎಳೆದರೂ ಗೊತ್ತಾಗುತ್ತದೆ. ಆದರೂ ಐದಕ್ಕೆ ಮೂರು ಸ್ಟಾರ್ ಅಷ್ಟೇ. ಬಾಯಿಗಿಡುವ ಕೊಳವೆಯ ಬಾಗಿದ ಭಾಗವನ್ನು ಇವರು ಅಂಟು ಹಾಕಿ ಕೂರಿಸಿದ್ದಾರೆ, ಬಿಚ್ಚಲು ಬರುವುದಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಎರಡು ಸ್ಟಾರ್ ಕಿತ್ತುಕೊಳ್ಳಬೇಕಾ ಅಂತ ಕೇಳಬಹುದು. ಕಿತ್ತುಕೊಳ್ಳಲೇಬೇಕು, ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಇದೇ ಆಕಾರದ್ದು, ಹೆಚ್ಚು ಕಡಿಮೆ ಇದೇ ಒಳಗಿನ ವ್ಯವಸ್ಥೆ ಇರುವುದು ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಹಾಗಾಗಿ ಯಾವುದನ್ನೇ ತೆಗೆದುಕೊಂಡರೂ ಈ ಮಾತುಗಳು ಉಪಯೋಗಕ್ಕೆ ಬರುತ್ತವೆ.

ಇದು ಇ-ಸಿಗರೇಟ್ ಅಲ್ಲ. ಅದರಲ್ಲಿ ದ್ರವ ಇರುತ್ತದೆ, ಕಾಯಿಲ್, ಅಂದರೆ ಕಾಯುವ ತಂತಿಯ ಸುರುಳಿ, ಅದನ್ನು ಆವಿ ಮಾಡುತ್ತದೆ. ಇದರಲ್ಲಿ ದ್ರವ ಇಲ್ಲ, ಬತ್ತಿ ಇಲ್ಲ. ನೋಡಲು ಹಳೆಯ ಕಾಲದ ತಂಬಾಕು ಪೈಪ್ ಥರಾನೇ ಇದೆ. ಮುಂದೆ ಬಟ್ಟಲು, ಬಟ್ಟಲಿನ ಒಳಗೆ ಸೆರಾಮಿಕ್ ಗೋಡೆಯ ಪುಟ್ಟ ಒಲೆ, ತಳದಲ್ಲಿ ಸ್ಟೀಲ್ ಜಾಲರಿ, ಹಿಂದೆ ಬಾಗಿದ ಕೊಳವೆ. ಹಿಡಿಯುವ ಭಾಗದಲ್ಲಿ ಬ್ಯಾಟರಿ. ಒಣ ಮೂಲಿಕೆಯನ್ನು ಒಲೆಗೆ ತುಂಬಿ ಗುಂಡಿ ಒತ್ತಿದರೆ ಅದು ಸುಡದಷ್ಟು ಬಿಸಿಯಾಗುತ್ತದೆ, ಎಲೆಯಲ್ಲಿರುವ ಸುವಾಸನೆಯ ಎಣ್ಣೆ ಮಾತ್ರ ಆವಿಯಾಗಿ ಬರುತ್ತದೆ.

ಸುಡದಷ್ಟು ಅನ್ನೋದೇ ಇಲ್ಲಿ ಮುಖ್ಯ. ಸಿಗರೇಟಿನ ತುದಿ ದಂ ಎಳೆಯುವಾಗ ಹತ್ತಿರ ಹತ್ತಿರ 900 ಡಿಗ್ರಿ ಮುಟ್ಟುತ್ತದೆ. ಒಣ ಎಲೆ ಸುಮಾರು 230 ಡಿಗ್ರಿ ದಾಟಿದರೆ ಸೀಯಲು ಶುರುವಾಗುತ್ತದೆ, ಆಮೇಲೆ ಬರುವುದು ಆವಿಯಲ್ಲ, ಹೊಗೆ. ಅದರಲ್ಲಿ ಟಾರ್ ಇರುತ್ತದೆ, ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಈ ಪೈಪ್ 120ರಿಂದ 220ರವರೆಗೆ ಹೋಗುತ್ತದೆ. ನನಗೆ ಕೇಳಿದರೆ 200ರ ಮೇಲಿನದ್ದು ಇಲ್ಲದಿದ್ದರೂ ನಡೆಯುತ್ತಿತ್ತು. ಡಬ್ಬದ ಮೇಲೆ ದೊಡ್ಡ ಸಂಖ್ಯೆ ಬರೆಯಲು ಅಂತ ಇಟ್ಟಿದ್ದಾರೆ, ಅಷ್ಟೇ.

ಹೊಸದಾಗಿ ತಂದಾಗ ಯಾರಿಗೂ ತಡೆದುಕೊಳ್ಳಲು ಆಗುವುದಿಲ್ಲ, ತಕ್ಷಣ ತುಂಬಿ ಎಳೆಯಬೇಕು ಅನ್ನಿಸುತ್ತದೆ. ಬೇಡ. ಕಾರ್ಖಾನೆಯ ಎಣ್ಣೆ, ಧೂಳು, ಪ್ಯಾಕಿಂಗ್ ವಾಸನೆ ಎಲ್ಲಾ ಒಳಗೆ ಇರುತ್ತದೆ. ಖಾಲಿ ಒಲೆಯನ್ನೇ ಅತಿ ಹೆಚ್ಚಿನ ಬಿಸಿಗೆ ಇಟ್ಟು, ತಾನಾಗಿ ಆರುವವರೆಗೆ ಬಿಟ್ಟು, ಮತ್ತೆ ಹಾಗೇ ಮಾಡಿ, ಪ್ಲಾಸ್ಟಿಕ್ ವಾಸನೆ ಹೋಗುವ ತನಕ. ಕಿಟಕಿ ತೆಗೆದಿರಲಿ, ಆ ಹೊತ್ತಲ್ಲಿ ಬಾಯಿ ಹಚ್ಚಬೇಡಿ. ಎಷ್ಟು ಸಲ ಮಾಡಿದರೂ ವಾಸನೆ ಹೋಗುತ್ತಿಲ್ಲ ಅಂದರೆ ಆ ಪೈಪನ್ನು ವಾಪಸ್ ಕಳಿಸಿ. ಬಳಸ್ತಾ ಬಳಸ್ತಾ ಸರಿಹೋಗುತ್ತೆ ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ. ಆವಿ ಬರುವ ದಾರಿಯಲ್ಲಿ ಬಿಸಿಗೆ ವಾಸನೆ ಬಿಡುವ ಪ್ಲಾಸ್ಟಿಕ್ ಇದೆ ಅಂತ ಅರ್ಥ.

ಈಗ ತುಂಬುವ ವಿಷಯ. ಆವಿ ಬರ್ತಾ ಇಲ್ಲ, ಪೈಪ್ ಹಾಳಾಗಿದೆ ಅಂತ ಬರೆಯುವವರಲ್ಲಿ ಎಷ್ಟೋ ಜನರ ಪೈಪ್ ಹಾಳಾಗಿರುವುದಿಲ್ಲ, ತುಂಬಿರುವ ರೀತಿ ಸರಿ ಇರುವುದಿಲ್ಲ. ಇಂಥ ಸಾಧನಗಳಲ್ಲಿ ಎರಡು ಬಗೆ. ಒಂದರಲ್ಲಿ ಒಲೆಯ ಗೋಡೆ ಕಾದು, ಗೋಡೆಗೆ ತಾಗಿದ ಎಲೆ ಕಾಯುತ್ತದೆ. ಇನ್ನೊಂದರಲ್ಲಿ ಗಾಳಿ ಮೊದಲು ಕಾದು, ಆ ಬಿಸಿಗಾಳಿ ಎಲೆಯ ನಡುವೆ ಹಾದು ಬರುತ್ತದೆ. ಇದು ಮೊದಲನೇ ಬಗೆ. ಹಾಗಾಗಿ ಎಲೆ ಗೋಡೆಗೆ ಒತ್ತಿಕೊಂಡಿರಬೇಕು. ಅರ್ಧ ತುಂಬಿ ಸಡಿಲ ಬಿಟ್ಟರೆ ನಡುವಿನ ಎಲೆಗೆ ಬಿಸಿ ಮುಟ್ಟುವುದೇ ಇಲ್ಲ. ಹಾಗಂತ ಹೆಬ್ಬೆರಳಲ್ಲಿ ಅದುಮಿ ಗಟ್ಟಿ ಮಾಡಿದರೆ ಗಾಳಿ ಹಾಯುವುದಿಲ್ಲ, ಕೆನ್ನೆ ಒಳಗೆ ಹೋಗುವಷ್ಟು ಎಳೆದರೂ ಏನೂ ಬರುವುದಿಲ್ಲ. ಒಲೆ ತುಂಬ ಹಾಕಿ, ಬೆರಳಿನಿಂದ ಮೆಲ್ಲಗೆ ತಟ್ಟಿ, ಬಿಡಿ. ಬಿಸಿಗಾಳಿಯ ಬಗೆಯದಾದರೆ ಇದಕ್ಕೆ ಉಲ್ಟಾ, ಅಲ್ಲಿ ಸಡಿಲವಾಗಿ ಇದ್ದಷ್ಟೂ ಒಳ್ಳೆಯದು.

ಪುಡಿ ಎಷ್ಟು ಸಣ್ಣ ಇರಬೇಕು? ಹಿಟ್ಟಿನ ಹಾಗೆ ಬೇಡ. ಹಿಟ್ಟು ಜಾಲರಿಯಿಂದ ನುಸುಳಿ ನೇರ ಬಾಯಿಗೆ ಬರುತ್ತದೆ, ಉಳಿದದ್ದು ಜಾಲರಿಯ ಕಣ್ಣಲ್ಲಿ ಕೂತು ಮುಚ್ಚುತ್ತದೆ. ಬೆರಳಲ್ಲಿ ಉಜ್ಜಿದಾಗ ತರಿತರಿ ಇರಬೇಕು. ಕಡ್ಡಿ, ತೊಟ್ಟು ತೆಗೆದುಬಿಡಿ. ಲ್ಯಾವೆಂಡರ್ ಹೂವನ್ನು ಪುಡಿ ಮಾಡುವುದೇ ಬೇಡ, ಹಾಗೇ ಹಾಕಬಹುದು. ಇನ್ನು ತೇವ. ಎಲೆ ಮುರಿದರೆ ಚಟ್ ಅನ್ನಬೇಕು. ಬಾಗಿದರೆ ಇನ್ನೂ ನೀರಿದೆ, ಮೊದಮೊದಲು ಬರುವುದೆಲ್ಲ ಬರೀ ನೀರಾವಿ, ಅದು ಬಿಸಿ ಬಿಸಿಯಾಗಿ ಗಂಟಲಿಗೆ ಹೊಡೆಯುತ್ತದೆ, ರುಚಿ ಮಾತ್ರ ಇಲ್ಲ. ತೀರಾ ಒಣಗಿಸಿಟ್ಟರೂ ಕಷ್ಟ, ಮುಟ್ಟಿದರೆ ಪುಡಿ, ವಾಸನೆಯೂ ಅರ್ಧ ಹಾರಿಹೋಗಿರುತ್ತದೆ. ಗಾಳಿಯಾಡದ ಗಾಜಿನ ಬಾಟಲಿಯಲ್ಲಿ, ಬಿಸಿಲು ಬೀಳದ ಕಡೆ ಇಟ್ಟುಕೊಂಡರೆ ಚಿಂತೆ ಇಲ್ಲ.

ಬಿಸಿ ಎಷ್ಟು ಅನ್ನೋದಕ್ಕೆ ಇಂಟರ್ನೆಟ್‌ನಲ್ಲಿ ಉದ್ದುದ್ದ ಪಟ್ಟಿಗಳಿವೆ. ಅದರಲ್ಲಿ ಎಣ್ಣೆಗಳ ಕುದಿಬಿಂದು ಬರೆದಿರುತ್ತಾರೆ. ನೀಲಗಿರಿಯಲ್ಲಿರುವ ಸಿನಿಯೋಲ್‌ಗೆ ಸುಮಾರು 176 ಡಿಗ್ರಿ, ಲ್ಯಾವೆಂಡರ್‌ನ ಲಿನಲೂಲ್‌ಗೆ ಸುಮಾರು 198, ಪೆಪ್ಪರ್‌ಮಿಂಟ್‌ನ ಮೆಂಥಾಲ್‌ಗೆ ಸುಮಾರು 212. ಲೆಕ್ಕ ಸರಿಯೇ. ಆದರೆ ಅಷ್ಟು ಬಿಸಿ ಮಾಡಲೇಬೇಕು ಅಂತಿಲ್ಲ. ಒದ್ದೆ ಬಟ್ಟೆ ಒಣಗಲು ನೀರು ಕುದಿಯಬೇಕಾ? ಇಲ್ಲವಲ್ಲ, ಇದೂ ಹಾಗೇ. ಕುದಿಯುವುದಕ್ಕಿಂತ ಬಹಳ ಮೊದಲೇ ಸುವಾಸನೆ ಹೊರಡುತ್ತದೆ. ಲ್ಯಾವೆಂಡರ್ ಮತ್ತು ನೀಲಗಿರಿಯನ್ನು ನಾನು 130ರಿಂದ ಶುರು ಮಾಡುತ್ತೇನೆ, ಪೆಪ್ಪರ್‌ಮಿಂಟ್‌ಗೆ 165ರ ಆಸುಪಾಸು, ಕ್ಯಾಮೊಮೈಲ್, ಥೈಮ್, ಸೇಜ್ ಥರದವಕ್ಕೆ 190ರವರೆಗೆ. ಕಡಿಮೆಯಿಂದ ಶುರು ಮಾಡಿ, ರುಚಿ ಸಪ್ಪೆಯಾದಾಗ ಐದೈದು ಡಿಗ್ರಿ ಏರಿಸುತ್ತಾ ಹೋಗಿ. ನೇರವಾಗಿ ಮೇಲಿನ ಬಿಸಿಗೆ ಇಟ್ಟರೆ ನಯವಾದ ವಾಸನೆಗಳೆಲ್ಲ ಮೊದಲ ಎಳೆತದಲ್ಲೇ ಮುಗಿದುಹೋಗುತ್ತವೆ.

ಈ ಪೈಪ್ ಬಗ್ಗೆ ಒಂದು ಒಳ್ಳೆ ಮಾತು ಇಲ್ಲೇ ಹೇಳಬೇಕು. ಬಿಸಿ ಸಿದ್ಧವಾದಾಗ ಕೈಯಲ್ಲಿ ಸಣ್ಣಗೆ ನಡುಗುತ್ತದೆ, ಮತ್ತೆ ಮತ್ತೆ ಪರದೆ ನೋಡಬೇಕಿಲ್ಲ. ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟರೆ ತಾನೇ ಆಫ್ ಆಗುತ್ತದೆ. ಇದು ಇಲ್ಲದ ಸಾಧನ ಕೊಳ್ಳಲೇಬೇಡಿ, ಜೇಬಲ್ಲಿ ಅಕಸ್ಮಾತ್ ಆನ್ ಆದರೆ ಗತಿ ಏನು? ಪರದೆ ಮಾತ್ರ ಅತಿ ಪ್ರಕಾಶಮಾನ, ಕತ್ತಲಲ್ಲಿ ಕಣ್ಣಿಗೆ ಹೊಡೆಯುತ್ತದೆ, ಕಡಿಮೆ ಮಾಡುವ ದಾರಿ ಕೊಟ್ಟಿಲ್ಲ.

ಎಳೆಯುವುದು ಹೇಗೆ? ನಿಧಾನವಾಗಿ. ಸಿಗರೇಟಿನ ಅಭ್ಯಾಸ ಇರುವವರು ಚುರುಕಾಗಿ, ಜೋರಾಗಿ ಎಳೆಯುತ್ತಾರೆ. ಆಗ ತಣ್ಣನೆ ಗಾಳಿ ಜಾಸ್ತಿ ನುಗ್ಗಿ ಒಲೆ ತಣ್ಣಗಾಗುತ್ತದೆ, ಆವಿ ಬರುವುದಿಲ್ಲ, ಆಮೇಲೆ ಬಿಸಿ ಏರಿಸುತ್ತಾರೆ, ಎಲೆ ಸೀಯುತ್ತದೆ, ಪೈಪ್ ಸರಿ ಇಲ್ಲ ಅಂತ ಒಂದು ಸ್ಟಾರ್ ಕೊಡುತ್ತಾರೆ! ಮೆಲ್ಲಗೆ, ಒಂದೇ ಸಮ ಎಳೆದರೆ ಸಾಕು. ದಟ್ಟ ಬಿಳಿ ಮೋಡ ಬರಲಿ ಅಂತ ಕಾಯಬೇಡಿ, ಮೂಲಿಕೆಯ ಆವಿ ತೆಳುವಾಗಿಯೇ ಇರುತ್ತದೆ. ಬಾಯಲ್ಲಿ ರುಚಿ ಇದೆ ಅಂದರೆ ಕೆಲಸ ನಡೆಯುತ್ತಿದೆ ಅಂತಲೇ.

ನಡುವೆ ಒಂದು ಸಲ ಮುಚ್ಚಳ ತೆಗೆದು, ಜೊತೆಗೆ ಕೊಟ್ಟಿರುವ ಸ್ಟೀಲ್ ಕಡ್ಡಿಯಿಂದ ಕಲಕಬೇಕು. ಆಗ ಒಳಗೆ ನೋಡಿ. ಗೋಡೆಗೆ ಅಂಟಿದ್ದ ಎಲೆ ಗಾಢ ಕಂದು ಆಗಿರುತ್ತದೆ, ನಡುವಿನದು ಇನ್ನೂ ಹಸಿರು ಹಸಿರಾಗಿಯೇ ಇರುತ್ತದೆ. ಕಲಕಿ, ಮತ್ತೆ ತಟ್ಟಿ, ಮುಚ್ಚಿದರೆ ಎರಡನೇ ಸುತ್ತು ಮೊದಲನೆಯದರಷ್ಟೇ ಚೆನ್ನಾಗಿ ಬರುತ್ತದೆ. ಮುಚ್ಚಳ ಬಿಸಿ ಇರುತ್ತದೆ, ಹುಷಾರು. ಕೊನೆಗೆ ಎಲ್ಲಾ ಒಂದೇ ಸಮ ಕಂದು ಬಣ್ಣಕ್ಕೆ ಬಂದಿದ್ದರೆ ಮುಗಿಯಿತು, ಸುರಿದುಬಿಡಿ. ಅಲ್ಲಲ್ಲಿ ಕಪ್ಪು ಕಂಡರೆ, ಸೀದ ವಾಸನೆ ಬಂದರೆ, ಮುಂದಿನ ಸಲ ಬಿಸಿ ಇಳಿಸಿ.

ಇನ್ನು ಆ ಎರಡು ಸ್ಟಾರ್‌ನ ವಿಷಯ, ಶುಚಿ ಮಾಡುವುದು.

ಆವಿ ಅಂದರೆ ಬರೀ ಗಾಳಿಯಲ್ಲ. ಅದರಲ್ಲಿ ಎಣ್ಣೆ ಇದೆ, ಮೇಣ ಇದೆ. ಬಿಸಿ ಒಲೆಯಿಂದ ಹೊರಟು ತಣ್ಣನೆ ಕೊಳವೆಗೆ ಬಂದ ತಕ್ಷಣ ಒಂದಿಷ್ಟು ಅಲ್ಲೇ ಗೋಡೆಗೆ ಅಂಟಿಕೊಳ್ಳುತ್ತದೆ. ಮೊದಲು ತಿಳಿ ಹಳದಿ ಪದರ, ಆಮೇಲೆ ಜೇನುಬಣ್ಣ, ಆಮೇಲೆ ಕಪ್ಪು ಜಿಡ್ಡು. ಬೆರಳಿಗೆ ತಾಗಿದರೆ ಸೋಪಿಗೂ ಜಗ್ಗುವುದಿಲ್ಲ. ಅದರ ಮೇಲೆ ಎಲೆಯ ಧೂಳು ಕೂರುತ್ತದೆ, ದಾರಿ ಸಣ್ಣದಾಗುತ್ತಾ ಹೋಗುತ್ತದೆ, ಎಳೆಯಲು ಬಲ ಜಾಸ್ತಿ ಬೇಕಾಗುತ್ತದೆ. ರುಚಿ ಹೇಗೆ ಕೆಡುತ್ತದೆ ಅಂದರೆ, ಯಾವ ಮೂಲಿಕೆ ಹಾಕಿದರೂ ಒಂದೇ ಕಮಟು. ಮತ್ತು ಜಿಡ್ಡು ಅತಿ ಹೆಚ್ಚು ಕೂರುವುದು ಎಲ್ಲಿ ಗೊತ್ತಾ? ಗಾಳಿ ತಿರುವು ತೆಗೆದುಕೊಳ್ಳುವ ಜಾಗದಲ್ಲಿ. ಅಂದರೆ ಇವರು ಅಂಟು ಹಾಕಿ ಕೂರಿಸಿರುವ ಆ ಬಾಗಿದ ಭಾಗದಲ್ಲೇ! ಒಲೆ ಬಿಚ್ಚಬಹುದು, ಜಾಲರಿ ಬಿಚ್ಚಬಹುದು, ಬಾಯಿಗಿಡುವ ತುದಿ ಬಿಚ್ಚಬಹುದು, ಬಿಚ್ಚಲೇಬೇಕಾದ ಒಂದು ಜಾಗ ಬಿಟ್ಟು. ಯಾರು ವಿನ್ಯಾಸ ಮಾಡಿದರೋ, ಅವರು ತಾವು ಮಾಡಿದ್ದನ್ನು ತಾವೇ ಒಂದು ತಿಂಗಳು ಬಳಸಿ ನೋಡಿಲ್ಲ ಅನ್ನಿಸುತ್ತದೆ.

ಹಾಗಾಗಿ ಈ ಪೈಪಿಗೆ ಕಷ್ಟಪಡಲೇಬೇಕು. ನಾನು ಮಾಡುವುದು ಹೀಗೆ.

ಪ್ರತಿ ಸಲ ಬಳಸಿದ ಮೇಲೆ, ಒಲೆ ಕೈ ಸುಡದಷ್ಟು ಬೆಚ್ಚಗೆ ಇರುವಾಗಲೇ ಸುರಿದು ಬ್ರಷ್ ಆಡಿಸುವುದು. ತಣ್ಣಗಾದ ಮೇಲೆ ಅದೇ ಜಿಡ್ಡು ಗಟ್ಟಿಯಾಗಿ ಕೂರುತ್ತದೆ, ಆಗ ಕೆರೆಯಬೇಕು, ಕೆರೆದರೆ ಸೆರಾಮಿಕ್ ಮೇಲೆ ಗೀರು. ಬೆಚ್ಚಗಿರುವಾಗ ನಾಲ್ಕು ಸಲ ಬ್ರಷ್ ತಿರುಗಿಸಿದರೆ ಸಾಕು, ನಿಮಿಷದ ಕೆಲಸವೂ ಅಲ್ಲ. ಇದೊಂದು ರೂಢಿ ಇದ್ದರೆ ದೊಡ್ಡ ತೊಳೆತ ಎಷ್ಟೋ ಮುಂದೆ ಹೋಗುತ್ತದೆ.

ದೊಡ್ಡ ತೊಳೆತಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು, 90 ಪರ್ಸೆಂಟಿಗಿಂತ ಮೇಲಿನದ್ದು. 70 ಪರ್ಸೆಂಟಿನದ್ದೂ ಸಿಗುತ್ತದೆ, ಅದರಲ್ಲಿ ನೀರು ಜಾಸ್ತಿ, ಜಿಡ್ಡು ಬಿಡಿಸುವುದೂ ನಿಧಾನ, ಒಣಗುವುದೂ ನಿಧಾನ. ಜಾಲರಿಯನ್ನು ಸಣ್ಣ ಗಾಜಿನ ಬಟ್ಟಲಲ್ಲಿ ಮುಳುಗಿಸಿಡಿ. ಸ್ವಲ್ಪ ಹೊತ್ತಿಗೇ ಆಲ್ಕೊಹಾಲ್ ಹಳದಿ ತಿರುಗಿ, ಆಮೇಲೆ ಕಂದು ಆಗುತ್ತದೆ. ತೆಗೆದು ಬೆಳಕಿಗೆ ಹಿಡಿದು ನೋಡಿ, ಒಂದೊಂದು ಕಣ್ಣೂ ತೆರೆದಿರಬೇಕು. ಮುಚ್ಚಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ. ಬಾಯಿಯ ತುದಿ ಗಾಜಿನದ್ದಾದರೆ ಅದರೊಳಗೆ ಆಲ್ಕೊಹಾಲ್ ಜೊತೆ ಕಲ್ಲುಪ್ಪು ಹಾಕಿ, ಎರಡೂ ಕಡೆ ಮುಚ್ಚಿ ಕುಲುಕಿದರೆ ಫಳಫಳ ಆಗುತ್ತದೆ. ಉಪ್ಪು ಆಲ್ಕೊಹಾಲಿನಲ್ಲಿ ಕರಗುವುದಿಲ್ಲ, ಹರಳಾಗಿಯೇ ಉಳಿದು ಉಜ್ಜುತ್ತದೆ. ಆಮೇಲೆ ಬಿಸಿನೀರಲ್ಲಿ ಚೆನ್ನಾಗಿ ತೊಳೆಯಿರಿ.

ಆ ಬಾಗಿದ ಭಾಗಕ್ಕೆ ಪೈಪ್ ಕ್ಲೀನರೇ ಗತಿ. ತಂತಿಗೆ ಹತ್ತಿ ಸುತ್ತಿದ ಹಾಗಿರುತ್ತದಲ್ಲ, ಅದು. ತುದಿಯನ್ನು ಸ್ವಲ್ಪ ಮಡಚಿ, ಆಲ್ಕೊಹಾಲಲ್ಲಿ ಅದ್ದಿ ಹಿಂಡಿ, ಬಾಯಿಯ ಕಡೆಯಿಂದ ತಳ್ಳಿ, ತಿರುಚುತ್ತಾ ಎಳೆಯಿರಿ. ಮೊದಲನೆಯದು ಕಪ್ಪಗೆ ಬರುತ್ತದೆ. ಬಿಳಿ ಹೊರಬರುವ ತನಕ ಹೊಸ ಹೊಸದನ್ನು ಹಾಕುತ್ತಾ ಹೋಗಬೇಕು. ಹಿಂಡುವುದು ಮರೆಯಬೇಡಿ. ತೊಟ್ಟಿಕ್ಕುವಷ್ಟು ಒದ್ದೆ ಇದ್ದರೆ ಆಲ್ಕೊಹಾಲ್ ಇಳಿದು ಒಲೆಯ ಕೆಳಗಿನ ಸರ್ಕ್ಯೂಟ್‌ಗೆ ಹೋಗುತ್ತದೆ. ಅದೇ ಕಾರಣಕ್ಕೆ ಒಲೆಯ ಒಳಗೆ ಸುರಿಯುವುದು, ಇಡೀ ಪೈಪನ್ನು ಮುಳುಗಿಸುವುದು, ನಲ್ಲಿ ಕೆಳಗೆ ಹಿಡಿಯುವುದು ಯಾವುದೂ ಬೇಡ. ಒಲೆಗೆ ಹತ್ತಿ ಸುತ್ತಿದ ಕಡ್ಡಿ ಸಾಕು.

ಎಲ್ಲದಕ್ಕೂ ಆಲ್ಕೊಹಾಲ್ ಆಗುವುದಿಲ್ಲ. ಗಾಳಿ ಸೋರದ ಹಾಗೆ ಜೋಡಣೆಗಳಲ್ಲಿ ಕೂರುವ ಸಿಲಿಕೋನ್ ರಿಂಗುಗಳನ್ನು ಅದರಲ್ಲಿ ನೆನೆಸಿಟ್ಟರೆ ಉಬ್ಬಬಹುದು, ಬೆಚ್ಚನೆ ಸೋಪುನೀರು ಸಾಕು. ಅಕ್ರಿಲಿಕ್ ಭಾಗಕ್ಕೆ ಆಲ್ಕೊಹಾಲ್ ತಾಗಿದರೆ ಸಣ್ಣ ಸಣ್ಣ ಬಿರುಕು ಏಳುತ್ತವೆ. ಹೊರಗಿನ ಮರದ ಹೊದಿಕೆಗೆ ಒಣಬಟ್ಟೆ ಮಾತ್ರ, ಇಲ್ಲದಿದ್ದರೆ ಪಾಲಿಶ್ ಏಳುತ್ತದೆ.

ಒಣಗುವುದು ತೊಳೆಯುವುದಕ್ಕಿಂತ ಮುಖ್ಯ. ಐಸೊಪ್ರೊಪೈಲ್ ಆಲ್ಕೊಹಾಲ್ ಮಾಮೂಲಿ ಕೋಣೆಯ ಬಿಸಿಗೇ ಬೆಂಕಿ ಹಿಡಿಯುವಷ್ಟು ಆವಿ ಬಿಡುತ್ತದೆ. ತೊಳೆಯುವಾಗ ಹತ್ತಿರದಲ್ಲಿ ಉರಿಯುವ ಅಡುಗೆ ಒಲೆ, ದೀಪ, ಬೆಂಕಿಕಡ್ಡಿ ಏನೂ ಇರಬಾರದು. ಬಿಡಿ ಭಾಗಗಳನ್ನು ರಾತ್ರಿಯಿಡೀ ಗಾಳಿಗೆ ಬಿಡಿ, ಮೂಗಿಗೆ ಹಿಡಿದರೆ ಒಂಚೂರೂ ವಾಸನೆ ಇರಬಾರದು, ಆಮೇಲೆ ಜೋಡಿಸಿ. ಮೊದಲು ಖಾಲಿ ಒಲೆಯನ್ನು ಒಮ್ಮೆ ಕಾಯಿಸಿ, ಮತ್ತೆ ಮೂಲಿಕೆ. ಅವಸರಕ್ಕೆ ಹಸಿಹಸಿ ಇರುವಾಗಲೇ ಆನ್ ಮಾಡಿದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಬ್ಯಾಟರಿ ಬಗ್ಗೆ ಹೊಗಳಿಕೆ. ಇದರಲ್ಲಿರುವುದು 18650, ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಲಿಥಿಯಂ ಅಯಾನ್ ಸೆಲ್, ಟಾರ್ಚುಗಳಲ್ಲಿ ಬರುತ್ತದಲ್ಲ, ಅದೇ. ತಿರುಪು ಬಿಚ್ಚಿ ತೆಗೆದು ಬೇರೆ ಹಾಕಬಹುದು. ಒಳಗೇ ಕೂರಿಸಿ ಮುಚ್ಚಿರುವ ಸಾಧನದಲ್ಲಿ ಬ್ಯಾಟರಿ ಸತ್ತ ದಿನವೇ ಸಾಧನವೂ ಸತ್ತ ಹಾಗೆ. ಲಿಥಿಯಂ ಸೆಲ್ ಸಾಮಾನ್ಯವಾಗಿ 300ರಿಂದ 500 ಪೂರ್ತಿ ಚಾರ್ಜ್ ಆದ ಮೇಲೆ ಬಲ ಕಳೆದುಕೊಳ್ಳುತ್ತಾ ಬರುತ್ತದೆ, ಒಲೆ ಕಾಯಿಸಲು ಕರೆಂಟ್ ಬೇರೆ ಜಾಸ್ತಿ ಬೇಕು. ಪೂರ್ತಿ ಸೊನ್ನೆಗೆ ಇಳಿಸಬೇಡಿ, ತುಂಬಿದ ಮೇಲೂ ಸುಮ್ನೆ ಹಾಕಿಟ್ಟಿರಬೇಡಿ, ಬಹಳ ದಿನ ಬಳಸುವುದಿಲ್ಲ ಅಂದರೆ ಅರ್ಧ ಚಾರ್ಜ್‌ನಲ್ಲಿ ತೆಗೆದಿಡಿ. ಸೆಲ್‌ನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಬಳಸಲೇಬೇಡಿ. ಬಿಡಿ ಸೆಲ್ಲನ್ನು ಬೀಗದಕೈ, ಚಿಲ್ಲರೆ ಇರುವ ಜೇಬಿಗೆ ಹಾಕಬೇಡಿ, ಶಾರ್ಟ್ ಆದರೆ ಜೇಬೇ ಸುಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಲ್ಲಿ ಬಿಡಬೇಡಿ. ವಿಮಾನದಲ್ಲಿ ಹೋಗುವಾಗ ಇಂಥವು ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ.

ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ. ಕೆಲವು ಕಡೆ ಇಂಥ ಸಾಧನ ತರಿಸಿಕೊಳ್ಳುವುದೂ ಮಾರುವುದೂ ಅಪರಾಧ. ದುಡ್ಡು ಕೊಡುವ ಮೊದಲು ನೀವಿರುವ ಜಾಗದ ನಿಯಮ ನೋಡಿಕೊಳ್ಳಿ, ಒಲೆಗೆ ಹಾಕುವ ಸೊಪ್ಪಿಗೂ ಅದೇ ಮಾತು.

ಡಬ್ಬದ ಮೇಲೆ ಆರೋಗ್ಯಕರ ಅಂತ ಬರೆದಿದ್ದಾರೆ, ಅದಕ್ಕೆ ನನ್ನ ತಕರಾರಿದೆ. ಸುಡುವುದಿಲ್ಲ, ಹಾಗಾಗಿ ಟಾರ್, ಕಾರ್ಬನ್ ಮಾನಾಕ್ಸೈಡ್ ಕಡಿಮೆ, ಅಷ್ಟು ನಿಜ. ಆದರೆ ಶ್ವಾಸಕೋಶಕ್ಕೆ ಬೇಕಿರುವುದು ಬರೀ ಗಾಳಿ. ಮೂಲಿಕೆ ಅಂದಮಾತ್ರಕ್ಕೆ ಎಳೆದುಕೊಳ್ಳಲು ಸುರಕ್ಷಿತ ಅಂತಲ್ಲ. ಅಸ್ತಮಾ ಇರುವವರು, ಗರ್ಭಿಣಿಯರು, ಮಕ್ಕಳು ಇದರಿಂದ ದೂರ ಇರಬೇಕು. ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬದ್ದು, ಆ ಜಾತಿಯ ಹೂವಿನ ಪರಾಗಕ್ಕೆ ಅಲರ್ಜಿ ಇದ್ದವರಿಗೆ ಇದೂ ಆಗದಿರಬಹುದು. ತಂಬಾಕು ಹಾಕಿದರೆ ನಿಕೋಟಿನ್ ಬಂದೇ ಬರುತ್ತದೆ, ಚಟ ಬಿಡುವುದಿಲ್ಲ. ಕೋಣೆಯ ಸುವಾಸನೆಗೆ ಅಂತ ಮಾರುವ ಒಣಹೂವು ಬೇಡ, ಅದಕ್ಕೆ ಸೆಂಟ್, ಬಣ್ಣ ಹಾಕಿರುತ್ತಾರೆ. ತಿನ್ನಲು, ಕುಡಿಯಲು ಅಂತ ಮಾರುವ, ಕೀಟನಾಶಕ ಇಲ್ಲದ್ದನ್ನೇ ತನ್ನಿ. ಇನ್ನೊಂದು, ವಾಸನೆ ಸಾಲದು ಅಂತ ಎಣ್ಣೆಯ ಹನಿ ಬಿಟ್ಟುಕೊಳ್ಳುವವರಿದ್ದಾರೆ. ಯಾವ ಎಣ್ಣೆಯೂ ಬೇಡ. ಎಣ್ಣೆಯ ಹನಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾದ ಒಂದು ಬಗೆಗೆ ಕಾರಣವಾಗಬಹುದು.

ಕೊಳವೆಯ ವಿಷಯ ಮಾರಿದವರಿಗೆ ಬರೆದಿದ್ದೆ. ನೀವೇ ಬಿಚ್ಚಲು ಹೋದರೆ ವಾರಂಟಿ ಹೋಗುತ್ತದೆ, ಹೊಸ ಕೊಳವೆ ಬೇಕಾದರೆ ಕೊಳ್ಳಿ ಅಂತ ಉತ್ತರ ಬಂತು. ಕೊಳವೆಯ ಬೆಲೆ ಕೇಳಿದರೆ ಪೈಪಿನ ಬೆಲೆಯ ಕಾಲುಭಾಗದಷ್ಟಿದೆ. ಬಿಚ್ಚುವ ಹಾಗೆ ಮಾಡಿದ್ದರೆ ಇದರ ಅಗತ್ಯವೇ ಇರಲಿಲ್ಲ.

ತೆಗೆದುಕೊಳ್ಳಬೇಕಾ ಬೇಡವಾ? ವಾರಕ್ಕೊಮ್ಮೆ ಕೂತು ಪೈಪ್ ಕ್ಲೀನರ್ ತಿರುಚುವ ತಾಳ್ಮೆ ಇದ್ದರೆ ತೆಗೆದುಕೊಳ್ಳಿ, ಒಲೆ ಮತ್ತು ಬ್ಯಾಟರಿ ಎರಡೂ ದುಡ್ಡಿಗೆ ಮೋಸ ಇಲ್ಲ. ತಾಳ್ಮೆ ಇಲ್ಲದಿದ್ದರೆ ನೇರ ಕೊಳವೆಯ, ಎಲ್ಲಾ ಭಾಗಗಳೂ ಬಿಡಿಬಿಡಿಯಾಗಿ ಬರುವ ಬೇರೆ ಮಾದರಿ ನೋಡಿ, ಪೈಪಿನ ಚೆಂದ ಇಲ್ಲದಿದ್ದರೂ ಪರವಾಗಿಲ್ಲ. ಯಾವುದೇ ಕೊಂಡರೂ ಆರ್ಡರ್ ಮಾಡುವಾಗಲೇ ಎರಡು ಜಾಲರಿ, ಒಂದು ಸೆಟ್ ರಿಂಗ್ ಜೊತೆಗೆ ಹಾಕಿಕೊಳ್ಳಿ. ಆಮೇಲೆ ಬೇಕಾದಾಗ ಅದೇ ಅಳತೆಯದ್ದು ಸ್ಟಾಕ್ ಇಲ್ಲ ಅಂದುಬಿಡುತ್ತಾರೆ.